ಉಲ್ಲೇಖಗಳ ಗಣನೆಯೂ ವಿಜ್ಞಾನಭಾವನೆಗಳ ಪರಿವರ್ತನೆಯೂ

ಒಂದು ಶಾಸ್ತ್ರದಲ್ಲಿ ಒಂದು ಭಾವನೆಯು ಯಾವಾಗ ಹುಟ್ಟಿತು, ಯಾರಿಂದ ಯಾರಿಗೆ ಹರಿದುಬಂದಿತು, ಯಾವ ಕಾಲದಲ್ಲಿ ಹಳೆಯದನ್ನು ತಳ್ಳಿ ಅದರ ಸ್ಥಾನದಲ್ಲಿ ತಾನು ನಿಂತಿತು ಎಂಬುದನ್ನು ನಿರ್ಣಯಿಸುವುದು ವಿಜ್ಞಾನಚರಿತ್ರಕಾರನ ಮುಖ್ಯ ಕಾರ್ಯ. ಇದಕ್ಕೆ ಮೂಲಗ್ರಂಥಗಳನ್ನು ಓದಿ ತೂಗಿ ನೋಡುವ ಮಾರ್ಗವೊಂದೇ ಬಹುಕಾಲ ರೂಢಿಯಲ್ಲಿದ್ದಿತು. 20ನೆಯ ಶತಮಾನದ ಉತ್ತರಾರ್ಧದಲ್ಲಿ ಮತ್ತೊಂದು ಮಾರ್ಗ ತಲೆದೋರಿತು. ವಿಜ್ಞಾನಿಯು ತನ್ನ ಪ್ರಬಂಧದ ಅಡಿಯಲ್ಲಿ ಯಾವ ಯಾವ ಪೂರ್ವಪ್ರಬಂಧಗಳನ್ನು ಹೆಸರಿಸುತ್ತಾನೆಂಬುದನ್ನು ಸಂಗ್ರಹಿಸಿ, ಎಣಿಸಿ, ಗೆರೆಗಳಿಂದ ಜೋಡಿಸಿ, ಹಾಗೆ ಉಂಟಾದ ಜಾಲದ ಆಕಾರದಿಂದಲೇ ಭಾವನೆಗಳ ಸಂಚಾರವನ್ನು ತಿಳಿಯಬಹುದೆಂಬುದು ಈ ಪಕ್ಷದವರ ವಾದ. ಓದುವವನ ರುಚಿ, ಪಕ್ಷಪಾತ, ಮರೆವುಗಳಿಗೆ ಇಲ್ಲಿ ಎಡೆಯಿಲ್ಲವೆಂಬುದು ಅವರು ಹೇಳುವ ದೊಡ್ಡ ಗುಣ. ಈ ವಾದದಲ್ಲಿ ಎಷ್ಟು ಹುರುಳಿದೆಯೆಂಬುದನ್ನು ಪರೀಕ್ಷಿಸಬೇಕಾಗಿದೆ.

ಈ ಮಾರ್ಗ ಕನ್ನಡ ವಿದ್ವಾಂಸರಿಗೆ ತೀರ ಅಪರಿಚಿತವಾದುದೇನೂ ಅಲ್ಲ. 1907, 1919, 1929ನೆಯ ಇಸವಿಗಳಲ್ಲಿ ಹೊರಬಂದ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಸಂಪುಟಗಳಲ್ಲಿ ಕವಿಗಳ ಕಾಲವಿಚಾರಕ್ಕೆ ಶಾಸನಗಳೊಡನೆ ಪೂರ್ವಕವಿಸ್ಮರಣೆಯೂ ಒಂದು ಮುಖ್ಯ ಆಧಾರ. ಒಬ್ಬ ಕವಿ ಮತ್ತೊಬ್ಬನನ್ನು ಹೆಸರಿಸಿದರೆ, ಹೆಸರಿಸಿದವನು ಈಚಿನವನು ಅಥವಾ ಸಮಕಾಲೀನನು. ಈ ಸುಲಭವಾದ ನ್ಯಾಯದಿಂದ ನಮ್ಮ ಸಾಹಿತ್ಯದ ಕಾಲಾನುಕ್ರಮದ ಬಹುಭಾಗ ನಿಂತಿದೆ. ಒಂದನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ಗಳಂತೂ ಪರರು ಎತ್ತಿಕೊಟ್ಟಿರುವ ಪದ್ಯಗಳಿಂದಲೇ ನಮಗೆ ತಿಳಿದಿವೆ. ಆದರೆ ಕಾಲಾನುಕ್ರಮವನ್ನು ತಿಳಿಯುವುದು ಬೇರೆ, ಭಾವನೆ ಬದಲಾದುದನ್ನು ತಿಳಿಯುವುದು ಬೇರೆ. ಮೊದಲನೆಯದಕ್ಕೆ ಹೆಸರು ಕಂಡುಬಂದರೆ ಸಾಕು. ಎರಡನೆಯದಕ್ಕೆ ಆ ಹೆಸರು ಯಾವ ವಾಕ್ಯದಲ್ಲಿ, ಯಾವ ಉದ್ದೇಶದಿಂದ, ಯಾವ ಅರ್ಥದಲ್ಲಿ ಬಂದಿತೆಂಬುದೂ ಬೇಕು. ಹೊಸ ಮಾರ್ಗದವರು ಈ ಭೇದವನ್ನು ಎಷ್ಟರಮಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡಿದ್ದಾರೆಂಬುದೇ ಪ್ರಕೃತ ಲೇಖನದ ಪ್ರಶ್ನೆ.

ಉಲ್ಲೇಖಸೂಚಿಯ ಮೂಲ ವಿಜ್ಞಾನದಲ್ಲಿಲ್ಲ, ನ್ಯಾಯಶಾಸ್ತ್ರದಲ್ಲಿದೆ. ಅಮೆರಿಕದಲ್ಲಿ 1873ರಲ್ಲಿ ಫ್ರಾಂಕ್ ಷೆಪರ್ಡ್ ಎಂಬಾತನು ವಕೀಲರ ಉಪಯೋಗಕ್ಕಾಗಿ ಒಂದು ಸೂಚಿಯನ್ನು ಆರಂಭಿಸಿದನು. ಯಾವುದಾದರೊಂದು ಹಳೆಯ ತೀರ್ಪನ್ನು ಮುಂದಿನ ಯಾವ ಯಾವ ತೀರ್ಪುಗಳು ಎತ್ತಿಕೊಂಡಿವೆಯೆಂಬುದು ಅದರಿಂದ ತಿಳಿಯುತ್ತಿತ್ತು. ಯೂಜೀನ್ ಗಾರ್‌ಫೀಲ್ಡ್ ಅವರು ಇದನ್ನೇ ಮೇಲ್ಪಂಕ್ತಿಯಾಗಿಟ್ಟುಕೊಂಡು 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಿಜ್ಞಾನಕ್ಕೂ ಅಂಥ ಸೂಚಿಯೊಂದು ಬೇಕೆಂದು ಪ್ರತಿಪಾದಿಸಿದರು. 613 ಪತ್ರಿಕೆಗಳಲ್ಲಿ 1961ರಲ್ಲಿ ಪ್ರಕಟವಾದ ಸಾಮಗ್ರಿಯಿಂದ ಸುಮಾರು 14 ಲಕ್ಷ ಉಲ್ಲೇಖಗಳನ್ನು ಆರಿಸಿ ಜೋಡಿಸಿದ ಮೊದಲ ಸೂಚಿ 1963ರಲ್ಲಿ ಹೊರಬಂದಿತು. ಸಾಹಸ ದೊಡ್ಡದು, ಸಂಶಯವಿಲ್ಲ. ಆದರೆ ಮಾತೃಕೆಯಿಂದ ಪ್ರತಿ ಮಾಡುವಾಗ ಒಂದು ಅಂಶ ಕೈಬಿಟ್ಟುಹೋಯಿತು. ವಕೀಲರ ಸೂಚಿಯಲ್ಲಿ ಹಿಂದಿನ ತೀರ್ಪನ್ನು ಮುಂದಿನದು ಅನುಸರಿಸಿತೇ, ಪ್ರತ್ಯೇಕಿಸಿತೇ, ತಳ್ಳಿಹಾಕಿತೇ ಎಂಬುದಕ್ಕೆ ಸಂಕೇತಾಕ್ಷರಗಳಿವೆ. ತಳ್ಳಿಹಾಕಲ್ಪಟ್ಟ ತೀರ್ಪನ್ನು ನಂಬಿ ವಾದಿಸಿದ ವಕೀಲ ಮೊಕದ್ದಮೆಯನ್ನು ಸೋಲುವನಾದ್ದರಿಂದ ಅದು ಅಲ್ಲಿ ಅತ್ಯವಶ್ಯಕ. ವಿಜ್ಞಾನದ ಸೂಚಿಯಲ್ಲಿ ಆ ಅಕ್ಷರಗಳಿಲ್ಲ. ಮಂಡನೆಗಾಗಿ ಹೆಸರಿಸಿದ್ದೂ ಒಂದೇ, ಖಂಡನೆಗಾಗಿ ಹೆಸರಿಸಿದ್ದೂ ಒಂದೇ. ಹಳತಾದ, ಅಪೂರ್ಣವಾದ, ಮೋಸದ ಸಾಮಗ್ರಿಯನ್ನು ವಿಮರ್ಶೆಯಿಲ್ಲದೆ ಎತ್ತಿಕೊಳ್ಳುವುದನ್ನು ತಪ್ಪಿಸುವುದೇ ತಮ್ಮ ಯೋಜನೆಯ ಉದ್ದೇಶಗಳಲ್ಲೊಂದೆಂದು 1955ರಲ್ಲಿ ಗಾರ್‌ಫೀಲ್ಡ್ ಅವರೇ ಹೇಳಿದ್ದರೆಂಬುದನ್ನು ನೆನೆದರೆ ಈ ಲೋಪ ಇನ್ನೂ ಆಶ್ಚರ್ಯಕರವಾಗಿದೆ.

ನಮ್ಮ ದೇಶದಲ್ಲಿ ಗ್ರಂಥಾಲಯಶಾಸ್ತ್ರಕ್ಕೆ ತಳಹದಿ ಹಾಕಿದ ಎಸ್. ಆರ್. ರಂಗನಾಥನ್ ಅವರ ದೃಷ್ಟಿ ಇದಕ್ಕೆ ವಿರುದ್ಧವಾದುದು. ಗ್ರಂಥಾಲಯದ ವ್ಯವಹಾರಗಳಿಗೆ ಗಣಿತವನ್ನು ಅನ್ವಯಿಸಬೇಕೆಂದು 1948ರಲ್ಲಿಯೇ ಸೂಚಿಸಿ ಅದಕ್ಕೆ ‘ಲೈಬ್ರಮೆಟ್ರಿ’ ಎಂಬ ಹೆಸರನ್ನು ಕೊಟ್ಟವರು ಅವರು. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ಶಿಕ್ಷಣ ಕೇಂದ್ರವನ್ನು ಸ್ಥಾಪಿಸಿದವರೂ ಅವರೇ. ಆದ್ದರಿಂದ ಸಂಖ್ಯೆಯನ್ನು ಕಂಡು ಅವರು ಅಂಜಿದವರೆಂದು ಹೇಳುವಂತಿಲ್ಲ. ಆದರೂ 1933ರ ಅವರ ದ್ವಿಬಿಂದು ವರ್ಗೀಕರಣದಲ್ಲಿ ಪುಸ್ತಕದ ಸ್ಥಾನವನ್ನು ನಿರ್ಣಯಿಸುವುದು ಅದರ ವಿಷಯದ ವಿಶ್ಲೇಷಣೆ. ಅಂದರೆ ಯಾರಾದರೂ ಒಬ್ಬರು ಅದನ್ನು ತೆರೆದು ಅದು ಏನನ್ನು ಹೇಳುತ್ತದೆಂದು ಕೇಳಲೇಬೇಕು. ಉಲ್ಲೇಖಸೂಚಿಗೆ ಆ ತೊಂದರೆಯಿಲ್ಲ. ಅದರ ಅಗ್ಗವೂ ಅಲ್ಲಿಯೇ, ಅದರ ಕೊರತೆಯೂ ಅಲ್ಲಿಯೇ.

ಸೂಚಿಯಿಂದ ಚರಿತ್ರೆಯನ್ನು ಬರೆಯಬಹುದೆಂದು ತೋರಿಸುವ ಮೊದಲ ದೊಡ್ಡ ಪ್ರಯತ್ನವು ಗಾರ್‌ಫೀಲ್ಡ್, ಷೆರ್, ಟಾರ್ಪಿ ಎಂಬ ಮೂವರು 1964ರಲ್ಲಿ ಪ್ರಕಟಿಸಿದ ವರದಿ. ವಿಜ್ಞಾನಚರಿತ್ರೆಯ ರಚನೆಯಲ್ಲಿ ಉಲ್ಲೇಖಸಾಮಗ್ರಿಯ ಉಪಯೋಗವೆಂಬುದು ಅದರ ಶೀರ್ಷಿಕೆಯ ತಾತ್ಪರ್ಯ. ಐಸಾಕ್ ಆಸಿಮೋವ್ ಅವರು ಆನುವಂಶಿಕ ಸಂಕೇತವನ್ನು ಕುರಿತು ಬರೆದ ಜನಪ್ರಿಯ ಪುಸ್ತಕವೊಂದನ್ನು ಇವರು ಎದುರಿಗಿಟ್ಟುಕೊಂಡರು. ಮೆಂಡೆಲನ ಪ್ರಯೋಗಗಳೇ ಮೊದಲಾಗಿ ನೈರೆನ್‌ಬರ್ಗ್ ಅವರ ಸಂಶೋಧನೆಯ ವರೆಗೆ 40 ಘಟನೆಗಳನ್ನು ಅದರಿಂದ ಆರಿಸಿ, ಯಾವುದು ಯಾವುದಕ್ಕೆ ಕಾರಣವೆಂದು ಆಸಿಮೋವ್ ಹೇಳುತ್ತಾರೋ ಅದನ್ನು ಒಂದು ನಕ್ಷೆಯಾಗಿಯೂ, ಆ ಘಟನೆಗಳಿಗೆ ಸಂಬಂಧಿಸಿದ ಮೂಲಪ್ರಬಂಧಗಳಲ್ಲಿ ಯಾವುದು ಯಾವುದನ್ನು ಉಲ್ಲೇಖಿಸುತ್ತದೆಯೋ ಅದನ್ನು ಮತ್ತೊಂದು ನಕ್ಷೆಯಾಗಿಯೂ ಬರೆದು ಹೋಲಿಸಿದರು. ಚರಿತ್ರಕಾರನು ಹೇಳಿದ ಸಂಬಂಧಗಳಲ್ಲಿ ಶೇಕಡ 65ರಷ್ಟು ಉಲ್ಲೇಖಗಳಿಂದ ಸ್ಥಿರಪಟ್ಟುವು. ಅದಲ್ಲದೆ ಆಸಿಮೋವ್ ಹೇಳದಿದ್ದ ಹಲವು ಸಂಬಂಧಗಳು ಉಲ್ಲೇಖಗಳಲ್ಲಿ ಕಂಡುಬಂದುವು.

ಈ ಫಲವನ್ನು ಹಗುರವಾಗಿ ಕಾಣಕೂಡದು. ಚರಿತ್ರಕಾರನ ಕಣ್ಣು ತಪ್ಪಿದ ಎಳೆಗಳನ್ನು ಯಂತ್ರಸಮಾನವಾದ ಒಂದು ಕ್ರಮ ಹಿಡಿದುಕೊಟ್ಟಿತೆಂಬುದು ನಿಜವಾದ ಲಾಭವೇ. ಆದರೆ ವರದಿಯನ್ನು ಎಚ್ಚರಿಕೆಯಿಂದ ಓದಿದವರಿಗೆ ಒಂದು ಸಂಗತಿ ಹೊಳೆಯದಿರದು. ಆ 40 ಘಟನೆಗಳನ್ನು ಆರಿಸಿದ್ದು ಉಲ್ಲೇಖಗಳಲ್ಲ, ಆಸಿಮೋವ್. ಯಾವುದು ಮುಖ್ಯ, ಯಾವುದು ಅಮುಖ್ಯ ಎಂಬ ತೀರ್ಮಾನ ಗಣನೆಗೆ ಮುಂಚೆಯೇ, ಕಥೆಯ ಕೊನೆಯನ್ನು ಬಲ್ಲ ಒಬ್ಬ ಓದುಗನಿಂದ ಆಗಿಹೋಗಿತ್ತು. ಬೇರೆ ಯಾರೋ ನೆಟ್ಟ ಕಂಬಗಳಿಗೆ ತಂತಿ ಎಳೆದವನು ಮಾರ್ಗವನ್ನು ತಾನೇ ಕಂಡುಹಿಡಿದನೆನ್ನುವುದು ಸರಿಯಲ್ಲ. ಉಳಿದ ಶೇಕಡ 35ರ ವಿಷಯದಲ್ಲಿಯೂ ವಿಚಾರಮಾಡಬೇಕಾದುದುಂಟು. ಚರಿತ್ರಕಾರನು ಇಲ್ಲದ ಸಂಬಂಧವನ್ನು ಕಲ್ಪಿಸಿದನೋ, ಇದ್ದ ಸಂಬಂಧವನ್ನು ವಿಜ್ಞಾನಿ ಅಡಿಟಿಪ್ಪಣಿಯಲ್ಲಿ ಹೇಳಲಿಲ್ಲವೋ? ಇದನ್ನು ತೀರ್ಮಾನಿಸಲು ಎಣಿಕೆಯಿಂದ ಸಾಧ್ಯವಿಲ್ಲ.

ಎರಡನೆಯ ಸಂದರ್ಭಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅದೇ ಚರಿತ್ರೆಯ ಕೇಂದ್ರದಲ್ಲಿಯೇ ಅದಿದೆ. ಡಿ.ಎನ್.ಎ. ಅಣುವಿನ ಜೋಡಿಸುರುಳಿಯ ರಚನೆಯನ್ನು ತಿಳಿಸುವ ವಾಟ್ಸನ್ ಮತ್ತು ಕ್ರಿಕ್ ಅವರ ಪ್ರಬಂಧವು 1953ನೆಯ ಏಪ್ರಿಲ್ 25ರ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಪುಟಕ್ಕಿಂತ ತುಸು ಹೆಚ್ಚಾದ ಅದರ ಕೊನೆಯಲ್ಲಿರುವ ಉಲ್ಲೇಖಗಳು ಆರೇ ಆರು: ಪಾಲಿಂಗ್ ಮತ್ತು ಕೋರಿ, ಫರ್‌ಬರ್ಗ್, ಚಾರ್‌ಗಾಫ್, ವ್ಯಾಟ್, ಆಸ್ಟ್‌ಬರಿ, ವಿಲ್ಕಿನ್ಸ್ ಮತ್ತು ರ‍್ಯಾಂಡಲ್. ಆನುವಂಶಿಕ ಗುಣವನ್ನು ಸಾಗಿಸುವ ವಸ್ತು ಡಿ.ಎನ್.ಎ.ಯೇ ಎಂಬುದಕ್ಕೆ ಬಲವಾದ ಪ್ರಮಾಣವನ್ನು 1944ರಲ್ಲಿಯೇ ಒದಗಿಸಿದ ಏವರಿ, ಮ್ಯಾಕ್‌ಲಿಯಡ್, ಮೆಕಾರ್ಟಿ ಎಂಬವರ ಪ್ರಬಂಧದ ಹೆಸರು ಅಲ್ಲಿಲ್ಲ. 1952ರಲ್ಲಿ ಅದನ್ನು ಬೇರೊಂದು ದಾರಿಯಿಂದ ಸಮರ್ಥಿಸಿದ ಹರ್ಷಿ ಮತ್ತು ಚೇಸ್ ಅವರ ಹೆಸರೂ ಇಲ್ಲ. ಹಾಗಾದರೆ ಡಿ.ಎನ್.ಎ.ಯ ರಚನೆಯನ್ನು ಇಷ್ಟು ಆತುರದಿಂದ ಹುಡುಕುವ ಆವಶ್ಯಕತೆ ಯಾರಿಗೆ, ಏಕೆ ಉಂಟಾಯಿತೆಂಬುದಕ್ಕೆ ಈ ಪಟ್ಟಿಯಲ್ಲಿ ಉತ್ತರ ಸಿಕ್ಕುವುದಿಲ್ಲ. ಪ್ರಬಂಧವನ್ನು ಕೇವಲ ಅದರ ಅಡಿಟಿಪ್ಪಣಿಗಳಿಂದ ಅರಿಯಹೊರಟವನು ಇದು ರಾಸಾಯನಿಕ ರಚನೆಯ ಒಂದು ಸಮಸ್ಯೆ, ಅಷ್ಟೆ ಎಂದುಕೊಳ್ಳುವನು.

ರೊಸಲಿಂಡ್ ಫ್ರಾಂಕ್ಲಿನ್ ಅವರ ವಿಷಯ ಇನ್ನೂ ಸೂಕ್ಷ್ಮವಾದುದು. ಅವರ ಹೆಸರು ಆ ಪ್ರಬಂಧದ ಕೊನೆಯ ಕೃತಜ್ಞತೆಯ ಮಾತಿನಲ್ಲಿ ವಿಲ್ಕಿನ್ಸ್ ಅವರ ಹೆಸರಿನೊಡನೆ ಬರುತ್ತದೆ. ಅವರ ಅಪ್ರಕಟಿತ ಪ್ರಯೋಗಫಲಗಳ ಸಾಮಾನ್ಯ ಸ್ವರೂಪದ ತಿಳಿವಳಿಕೆಯಿಂದ ಪ್ರೇರಣೆ ದೊರೆಯಿತೆಂದು ಮಾತ್ರ ಅಲ್ಲಿ ಹೇಳಿದೆ. ಫ್ರಾಂಕ್ಲಿನ್ ಅವರ ಪ್ರಯೋಗಶಾಲೆಯಲ್ಲಿ ತೆಗೆದ ಕ್ಷಕಿರಣ ಚಿತ್ರವೊಂದನ್ನು ವಿಲ್ಕಿನ್ಸ್ ವಾಟ್ಸನ್ನರಿಗೆ ತೋರಿಸಿದುದೂ, ಅವರ ಅಳತೆಗಳಿದ್ದ ಒಂದು ಆಂತರಿಕ ವರದಿ ಕೇಂಬ್ರಿಜಿನವರ ಕೈಸೇರಿದುದೂ ಮುಂದೆ ಬೆಳಕಿಗೆ ಬಂದುವು. ಅಪ್ರಕಟಿತವಾದುದಕ್ಕೆ ಸಂಪುಟವಿಲ್ಲ, ಪುಟಸಂಖ್ಯೆಯಿಲ್ಲ. ಆದ್ದರಿಂದ ಸೂಚಿಯಲ್ಲಿ ಅದಕ್ಕೆ ಸ್ಥಳವೂ ಇಲ್ಲ. ಶತಮಾನದ ಅತ್ಯಂತ ಪ್ರಸಿದ್ಧವಾದ ಭಾವಪರಿವರ್ತನೆಯೊಂದರಲ್ಲಿ ಬಹುಮುಖ್ಯವಾದ ಎರಡು ಋಣಗಳು ಹೀಗೆ ಉಲ್ಲೇಖಜಾಲದ ಕಣ್ಣುಗಳಿಂದ ಜಾರಿಹೋದುವು. ದೊಡ್ಡ ಮೀನುಗಳೇ ಜಾರುವ ಬಲೆಯನ್ನು ಏನೆನ್ನಬೇಕು?

ಇನ್ನು ಮೆಂಡೆಲನ ಪ್ರಕರಣ. ಉಲ್ಲೇಖಗಣನೆಯ ಬಲವೂ ದೌರ್ಬಲ್ಯವೂ ಇದರಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣುವುದಿಲ್ಲವಾದುದರಿಂದ ಇದನ್ನು ತುಸು ವಿಸ್ತಾರವಾಗಿ ನೋಡುವುದು ಯುಕ್ತ. ಗ್ರೆಗೊರ್ ಮೆಂಡೆಲನು ಬಟಾಣಿಗಿಡಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಬ್ರ್ಯೂನ್ ನಗರದ ಪ್ರಕೃತಿವಿಜ್ಞಾನ ಸಂಘದಲ್ಲಿ 1865ರ ಫೆಬ್ರವರಿ 8 ಮತ್ತು ಮಾರ್ಚಿ 8ರಂದು ಓದಿದನು. 1866ರಲ್ಲಿ ಅದು ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಪತ್ರಿಕೆ ಯೂರೋಪಿನ ನೂರಕ್ಕೂ ಹೆಚ್ಚು ಗ್ರಂಥಭಂಡಾರಗಳಿಗೆ ಹೋಗುತ್ತಿತ್ತು. ಮೆಂಡೆಲನು 40 ಬಿಡಿಪ್ರತಿಗಳನ್ನೂ ತೆಗೆಸಿಕೊಂಡನು. ಅಲ್ಲಿಂದ 1900ರ ವರೆಗೆ ಅವನ ಪ್ರಬಂಧವನ್ನು ಉಲ್ಲೇಖಿಸಿದವರು ಕೈಬೆರಳೆಣಿಕೆಯಷ್ಟು ಮಂದಿ, ಆಮೇಲೆ ಅಸಂಖ್ಯರು. ಎಣಿಸಿ ನಕ್ಷೆ ಬರೆದರೆ 34 ವರ್ಷ ನೆಲಕ್ಕಂಟಿಕೊಂಡು ಸಾಗಿದ ಗೆರೆಯೊಂದು ಒಮ್ಮೆಲೇ ಗೋಡೆಯಂತೆ ಮೇಲೇಳುವುದು. ಇದನ್ನು ನೋಡಿದವರು ಸಾಮಾನ್ಯವಾಗಿ ಕಟ್ಟುವ ಕಥೆ ಹೀಗೆ: ಸತ್ಯವು 1866ರಲ್ಲಿಯೇ ಅಚ್ಚಾಗಿತ್ತು, ಲೋಕ ಮಲಗಿತ್ತು, 1900ರಲ್ಲಿ ಎದ್ದಿತು.

ಆ ಕೆಲವೇ ಉಲ್ಲೇಖಗಳನ್ನು ತೆರೆದು ಓದಿದರೆ ಕಥೆಯೇ ಬೇರೆ. ಗೀಸೆನ್ನಿನ ಸಸ್ಯಶಾಸ್ತ್ರಜ್ಞನಾದ ಹಾಫ್‌ಮನ್ನನು 1869ರಲ್ಲಿ ಮೆಂಡೆಲನನ್ನು ಹೆಸರಿಸಿ, ಸಂಕರಸಸ್ಯಗಳು ಮುಂದಿನ ಪೀಳಿಗೆಗಳಲ್ಲಿ ಮೂಲಜಾತಿಗಳ ಕಡೆಗೆ ಹಿಂದಿರುಗುವ ಸ್ವಭಾವವುಳ್ಳುವೆಂದು ಅವನ ಫಲಿತವನ್ನು ಸಂಗ್ರಹಿಸುತ್ತಾನೆ. ಇಂದು ಶಾಲೆಯ ಹುಡುಗನಿಗೂ ಗೊತ್ತಿರುವ ಮೂರಕ್ಕೊಂದರ ಪ್ರಮಾಣ ಅವನ ಗಮನವನ್ನು ಸೆಳೆಯಲಿಲ್ಲ. 1881ರಲ್ಲಿ ಫೋಕೆಯು ಸಸ್ಯಸಂಕರಗಳನ್ನು ಕುರಿತ ತನ್ನ ಮಹಾಗ್ರಂಥದಲ್ಲಿ ಮೆಂಡೆಲನನ್ನು ಹಲವು ಕಡೆ ಹೆಸರಿಸಿ, ಸಂಕರಗಳ ಪ್ರಭೇದಗಳಲ್ಲಿ ಸ್ಥಿರವಾದ ಸಂಖ್ಯಾಪ್ರಮಾಣಗಳನ್ನು ತಾನು ಕಂಡೆನೆಂದು ಮೆಂಡೆಲನು ನಂಬಿದ್ದನೆಂದು ಹೇಳುತ್ತಾನೆ. ‘ನಂಬಿದ್ದನು’ ಎಂಬ ಆ ಒಂದು ಮಾತಿನಲ್ಲಿ ಮರ್ಯಾದೆಯೂ ಇದೆ, ಸಂಶಯವೂ ಇದೆ. ಗಣನೆಯಲ್ಲಿ ಎರಡೂ ಇಲ್ಲ. ಅದೇ ವರ್ಷ ರೋಮೇನ್ಸನು ‘ಎನ್‌ಸೈಕ್ಲೋಪೀಡಿಯ ಬ್ರಿಟಾನಿಕ’ದ ಒಂಬತ್ತನೆಯ ಮುದ್ರಣಕ್ಕೆ ಬರೆದ ಸಂಕರವಿಷಯಕ ಲೇಖನದಲ್ಲಿಯೂ, 1892ರಲ್ಲಿ ಅಮೆರಿಕದ ಬೆಯ್ಲಿಯು ಕೊಟ್ಟ ಗ್ರಂಥಸೂಚಿಯಲ್ಲಿಯೂ ಮೆಂಡೆಲನ ಹೆಸರು ಕಾಣುತ್ತದೆ. ಇವೆರಡೂ ಫೋಕೆಯಿಂದ ಎತ್ತಿಕೊಂಡವು. ಬೆಯ್ಲಿಯಂತೂ ಮೂಲವನ್ನು ಕಂಡೇ ಇರಲಿಲ್ಲ. ಓಲೆಯ ಪ್ರತಿಗಳನ್ನು ಪರಿಶೋಧಿಸಿದವರು ಇಂಥದನ್ನು ಚೆನ್ನಾಗಿ ಬಲ್ಲರು: ಒಂದೇ ಮಾತೃಕೆಯಿಂದ ಇಳಿದ ಮೂರು ಪ್ರತಿಗಳು ಮೂರು ಸಾಕ್ಷ್ಯಗಳಾಗುವುದಿಲ್ಲ. ಸೂಚಿಯಲ್ಲಿಯಾದರೋ ಅವು ಮೂರೇ.

ಹೀಗೆ ನೋಡಿದರೆ 1900ಕ್ಕೆ ಮುಂಚೆ ಮೆಂಡೆಲನನ್ನು ಲೋಕ ಮರೆತಿರಲಿಲ್ಲ. ಸಂಕರಸಸ್ಯಗಳ ಮೇಲೆ ಕೆಲಸಮಾಡಿದ ಹಲವರಲ್ಲಿ ಅವನೂ ಒಬ್ಬನೆಂದು ತಿಳಿದಿತ್ತು. ಜಾತಿಸಂಕರದಿಂದ ಹೊಸ ಜಾತಿಗಳು ಹುಟ್ಟುವುವೇ ಎಂಬುದು ಆಗಿನ ಪ್ರಶ್ನೆ. ಆ ಪ್ರಶ್ನೆಗೆ ಮೆಂಡೆಲನ ಬಟಾಣಿ ಅಷ್ಟೇನೂ ಮುಖ್ಯವಾದ ಉತ್ತರವನ್ನು ಕೊಡಲಿಲ್ಲ. 1900ರ ವೇಳೆಗೆ ಪ್ರಶ್ನೆಯೇ ಬದಲಾಗಿ, ಗುಣಗಳು ಬಿಡಿಬಿಡಿಯಾಗಿ ಪೀಳಿಗೆಯಿಂದ ಪೀಳಿಗೆಗೆ ಹೇಗೆ ಸಾಗುತ್ತವೆಂಬುದು ಮುಂದೆ ಬಂದಿತ್ತು. ಭಾವಪರಿವರ್ತನೆ ನಡೆದುದು ಅಲ್ಲಿ. ಉಲ್ಲೇಖಗಳ ಗೋಡೆ ಎದ್ದದ್ದು ಅದರ ನೆರಳು.

ಗೋಡೆ ಎದ್ದ ಬಗೆಯೂ ವಿಚಾರಾರ್ಹವಾಗಿದೆ. ಡಿ ವ್ರೀಸನು 1900ರ ವಸಂತದಲ್ಲಿ ತನ್ನ ಫಲಿತಗಳನ್ನು ತಿಳಿಸಿದ ಫ್ರೆಂಚ್ ಟಿಪ್ಪಣಿಯಲ್ಲಿ ಮೆಂಡೆಲನ ಹೆಸರೇ ಇರಲಿಲ್ಲ. ಅದೇ ಕಾಲದ ಅವನ ಜರ್ಮನ್ ಪ್ರಬಂಧದಲ್ಲಿ ಇದ್ದಿತು. ಫ್ರೆಂಚ್ ಟಿಪ್ಪಣಿ ಕೈಸೇರಿದೊಡನೆಯೇ ಕಾರೆನ್ಸನು, ತಾನೂ ಅದೇ ಹಾದಿಯಲ್ಲಿದ್ದವನಾಗಿ, ಬೇಗನೆ ತನ್ನ ಪ್ರಬಂಧವನ್ನು ಬರೆದು ಅದರ ಶೀರ್ಷಿಕೆಯಲ್ಲಿಯೇ ಅದು ‘ಮೆಂಡೆಲನ ನಿಯಮ’ವೆಂದು ಸಾರಿದನು. ಇದನ್ನು ಕುರಿತು ಆಗಸ್ಟೀನ್ ಬ್ರ್ಯಾನಿಗನ್ ಅವರು 1979ರಲ್ಲಿ ಎತ್ತಿದ ವಾದ ನಮಗೆ ಬಹುಮಟ್ಟಿಗೆ ಒಪ್ಪಿಗೆಯಾಗಿದೆ: ಮೊದಲಿಗನು ಯಾರೆಂಬ ಜಗಳದಲ್ಲಿ ಇಬ್ಬರಿಗೂ ಹಿಂದಿನವನೊಬ್ಬನನ್ನು ತಂದು ನಿಲ್ಲಿಸುವುದು ಅಲ್ಲಿ ಸಂಧಾನದ ಕೆಲಸವನ್ನು ಮಾಡಿತು. ಅದೇ ವರ್ಷ ರಾಬರ್ಟ್ ಆಲ್ಬಿ ಅವರು ಮೆಂಡೆಲನೇ ಮೆಂಡೆಲೀಯನಾಗಿದ್ದನೇ ಎಂಬ ಪ್ರಶ್ನೆಯನ್ನು ಹಾಕಿ, ಅವನ ಪ್ರಬಂಧವನ್ನು ಅವನ ಕಾಲದ ಸಂಕರಶಾಸ್ತ್ರದೊಳಗೇ ಇಟ್ಟು ಓದಿದರು. ಮುಂದೆ 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಷರ್ ಅದೇ ಪ್ರಬಂಧವನ್ನು ಎತ್ತಿಕೊಂಡದ್ದು ಅದರ ಅಂಕಿಗಳು ಇರಬೇಕಾದುದಕ್ಕಿಂತ ಹೆಚ್ಚಾಗಿ ಸಿದ್ಧಾಂತಕ್ಕೆ ಹೊಂದುತ್ತವೆಂದು ತೋರಿಸಲು. ಹಾಫ್‌ಮನ್ನನಿಗೆ ಅದು ಹಿಂದಿರುಗುವಿಕೆಯ ಸಾಕ್ಷ್ಯ, ಫೋಕೆಗೆ ಒಂದು ನಂಬಿಕೆ, ಕಾರೆನ್ಸನಿಗೆ ನಿಯಮ, ಫಿಷರನಿಗೆ ಒಂದು ಸಮಸ್ಯೆ. ಸೂಚಿಯಲ್ಲಿ ನಾಲ್ಕೂ ಒಂದೇ ಬಗೆಯ ನಾಲ್ಕು ಗೀಟುಗಳು.

ಉಲ್ಲೇಖಮಾರ್ಗದವರಲ್ಲಿ ಈ ಕೊರತೆಯನ್ನು ಚೆನ್ನಾಗಿ ಕಂಡುಕೊಂಡವರು ಹೆನ್ರಿ ಸ್ಮಾಲ್. ಎರಡು ಪ್ರಬಂಧಗಳನ್ನು ಮುಂದಿನವರು ಎಷ್ಟು ಸಲ ಜೊತೆಜೊತೆಯಾಗಿ ಹೆಸರಿಸುತ್ತಾರೆಂಬುದನ್ನು ಎಣಿಸಿ, ಆ ಸಹೋಲ್ಲೇಖದಿಂದ ಒಂದು ಶಾಸ್ತ್ರವಿಭಾಗದ ಒಳಗಿನ ಗುಂಪುಗಳನ್ನು ತಿಳಿಯುವ ಕ್ರಮವನ್ನು ಅವರು 1973ರಲ್ಲಿ ಪ್ರಕಟಿಸಿದರು. ಅದೇ ವರ್ಷ ಮಾಸ್ಕೋದಲ್ಲಿ ಇರೀನ ಮಾರ್ಷಕೋವ ಅವರೂ ಸ್ವತಂತ್ರವಾಗಿ ಅದೇ ಕ್ರಮವನ್ನು ಕಂಡರು. ಈ ಕ್ರಮಕ್ಕೆ ಒಂದು ಗುಣವುಂಟು: ಜೋಡಿಗಳನ್ನು ಮಾಡುವವರು ಹಿಂದಿನವರಲ್ಲ, ಮುಂದಿನವರು, ಆದುದರಿಂದ ಅವರ ದೃಷ್ಟಿ ಬದಲಾದಂತೆ ಜೋಡಿಗಳೂ ಬದಲಾಗುವುವು. 1977ರಲ್ಲಿ ಅವರು ಕೊಲ್ಯಾಜನ್ ಎಂಬ ದೇಹಧಾತುವಿನ ಸಂಶೋಧನೆಯನ್ನು ವರ್ಷವರ್ಷವಾಗಿ ಪರೀಕ್ಷಿಸಿದರು. 1970ರ ಈಚಿನ ಕೆಲವೇ ವರ್ಷಗಳಲ್ಲಿ ಗುಂಪಿನ ನಡುವಿದ್ದ ಹಳೆಯ ಪ್ರಬಂಧಗಳು ಸರಿದು, ಆ ಧಾತುವಿನ ಪೂರ್ವರೂಪವನ್ನು ಕುರಿತ ಹೊಸ ಪ್ರಬಂಧಗಳು ಅವುಗಳ ಸ್ಥಾನಕ್ಕೆ ಬಂದುದು ಕಂಡಿತು. ಸ್ಮಾಲ್ ಅಷ್ಟಕ್ಕೇ ನಿಲ್ಲಲಿಲ್ಲ. ಆ ಕ್ಷೇತ್ರದ ವಿಜ್ಞಾನಿಗಳಿಗೆ ಪ್ರಶ್ನಾವಳಿಯನ್ನು ಕಳುಹಿಸಿ, ನಿಮ್ಮ ಶಾಸ್ತ್ರದಲ್ಲಿ ಹೀಗೊಂದು ಪರಿವರ್ತನೆ ನಡೆಯಿತೇ ಎಂದು ಕೇಳಿದರು. 1978ರ ಲೇಖನದಲ್ಲಿಯಂತೂ ಉಲ್ಲೇಖವಿರುವ ವಾಕ್ಯವನ್ನೇ ಓದಿ, ಪದೇ ಪದೇ ಹೆಸರುಗೊಂಡ ಪ್ರಬಂಧವು ಆ ಕ್ಷೇತ್ರದವರಿಗೆ ಒಂದು ನಿರ್ದಿಷ್ಟ ಭಾವನೆಯ ಸಂಕೇತವಾಗಿಬಿಡುತ್ತದೆಂದು ತೋರಿಸಿದರು. ಈ ಮಾರ್ಗದಲ್ಲಿ ನಾವು ಕಂಡ ಕೃತಿಗಳಲ್ಲಿ ಇವೇ ಉತ್ತಮವಾದುವು. ಅವುಗಳ ಉತ್ತಮತೆಗೆ ಕಾರಣ ಗಣನೆಯಲ್ಲ, ಗಣನೆ ಮುಗಿದಮೇಲೆ ಮನುಷ್ಯರನ್ನೂ ವಾಕ್ಯಗಳನ್ನೂ ವಿಚಾರಿಸಿದುದು.

ಉಲ್ಲೇಖಗಳು ಇಳಿಮುಖವಾಗುವಾಗಲಂತೂ ವಾಕ್ಯವನ್ನು ಬಿಟ್ಟು ಬೇರೆ ಗತಿಯಿಲ್ಲ. ಒಂದು ಪ್ರಬಂಧವನ್ನು ಹೆಸರಿಸುವವರು ಕಡಮೆಯಾದರೆ ಅದರ ಭಾವನೆ ಸತ್ತಿತೆಂದೂ ಹೇಳಬಹುದು, ಪೂರ್ಣವಾಗಿ ಗೆದ್ದಿತೆಂದೂ ಹೇಳಬಹುದು. ಗೆದ್ದ ಭಾವನೆ ಎಲ್ಲರ ಮಾತಿನಲ್ಲಿಯೂ ಬೆರೆತುಹೋಗಿ ಅದರ ಕರ್ತೃವನ್ನು ಹೆಸರಿಸುವ ಅಗತ್ಯವೇ ಇಲ್ಲವಾಗುವುದು. ಸಮಾಜಶಾಸ್ತ್ರಜ್ಞ ಮರ್ಟನ್ ಅವರು ಇದನ್ನು ಅಂತರ್ಭಾವದಿಂದ ಆಗುವ ಲೋಪವೆಂಬರ್ಥದಲ್ಲಿ ಕರೆದರು. ಲೋಪಸಂಧಿಯನ್ನು ಬಲ್ಲ ನಮ್ಮವರಿಗೆ ಇದು ಹೊಸದಾಗಿ ತೋರಲಾರದು. ಸ್ವರ ಕಾಣದಿದ್ದರೂ ಪದ ಕೆಟ್ಟಿರುವುದಿಲ್ಲ. ಗುರುತ್ವಾಕರ್ಷಣವನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳುವ ಯಾವ ಎಂಜಿನಿಯರೂ ನ್ಯೂಟನ್ನನ ‘ಪ್ರಿನ್ಸಿಪಿಯ’ದ ಪುಟಸಂಖ್ಯೆಯನ್ನು ಕೊಡುವುದಿಲ್ಲ. ಮರಣವನ್ನೂ ವಿಜಯವನ್ನೂ ಒಂದೇ ಗೆರೆಯಿಂದ ಬರೆಯುವ ನಕ್ಷೆಯನ್ನು ನೋಡಿ ಯಾವುದು ಯಾವುದೆಂದು ಹೇಳುವವರಾರು?

ಹೆಸರಿಸಿದ್ದೆಲ್ಲ ಋಣವೂ ಅಲ್ಲ. 1975ರಲ್ಲಿ ಮೊರಾವ್‌ಸಿಕ್ ಮತ್ತು ಮುರುಗೇಶನ್ ಅವರು 1968ರಿಂದ 1972ರ ವರೆಗಿನ ‘ಫಿಸಿಕಲ್ ರಿವ್ಯೂ’ ಪತ್ರಿಕೆಯ 30 ಪ್ರಬಂಧಗಳ ಉಲ್ಲೇಖಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅವುಗಳಲ್ಲಿ ಸುಮಾರು ಶೇಕಡ 40 ಕೇವಲ ಔಪಚಾರಿಕವಾದುವೆಂದು ಕಂಡರು. ಪಂಪ ಪೊನ್ನ ರನ್ನರನ್ನು ಸ್ತುತಿಸದೆ ಕಾವ್ಯವನ್ನು ಆರಂಭಿಸಬಾರದೆಂಬ ಸಂಪ್ರದಾಯಕ್ಕೆ ಕಟ್ಟುಬಿದ್ದು, ಸ್ತುತಿಸಿದವರ ಕೃತಿಯ ಸುಳಿವೇ ತನ್ನ ಕಾವ್ಯದಲ್ಲಿಲ್ಲದಂತೆ ಬರೆದ ಕವಿಗಳು ನಮ್ಮಲ್ಲಿಯೂ ಉಂಟು. ಅವರ ಪೀಠಿಕೆಗಳಿಂದ ಪಂಪನ ಪ್ರಭಾವವನ್ನು ಅಳೆಯುವ ವಿಮರ್ಶಕನನ್ನು ಯಾರೂ ಮೆಚ್ಚಲಾರರು.

ಔಪಚಾರಿಕತೆ ಅಷ್ಟು ಅಪಾಯಕರವಲ್ಲ. ಅದಕ್ಕಿಂತ ಅಪಾಯಕರವಾದುದು ಮತ್ತೊಂದಿದೆ. ವೈದ್ಯಶಾಸ್ತ್ರದಲ್ಲಿ ಒಂದು ಬಗೆಯ ಸ್ನಾಯುರೋಗಕ್ಕೆ ಅಮೈಲಾಯ್ಡ್ ಎಂಬ ದ್ರವ್ಯವು ಕಾರಣವೆಂಬ ನಂಬಿಕೆಯ ಬೆಳವಣಿಗೆಯನ್ನು ಸ್ಟೀವನ್ ಗ್ರೀನ್‌ಬರ್ಗ್ ಅವರು 2009ರಲ್ಲಿ ಪತ್ತೆಹಚ್ಚಿದರು. 242 ಪ್ರಬಂಧಗಳಲ್ಲಿ ಆ ನಂಬಿಕೆಯನ್ನು ಕುರಿತ 675 ಉಲ್ಲೇಖಗಳನ್ನು ಅವರು ಒಂದೊಂದಾಗಿ ಓದಿದರು. ನಂಬಿಕೆಯನ್ನು ಸಮರ್ಥಿಸಿದ ಕೆಲವೇ ಪ್ರಯೋಗಪ್ರಬಂಧಗಳು ಮೇಲಿಂದ ಮೇಲೆ ಹೆಸರುಗೊಂಡಿದ್ದುವು. ಅದಕ್ಕೆ ವಿರುದ್ಧವಾದ ಪ್ರಯೋಗಗಳನ್ನು ಹೆಸರಿಸಿದವರು ಬಹು ವಿರಳ. ಒಬ್ಬರು ‘ಇರಬಹುದು’ ಎಂದುದನ್ನು ಅವರನ್ನು ಹೆಸರಿಸಿದ ಮುಂದಿನವರು ‘ಇದೆ’ ಎಂದು ಬರೆದಿದ್ದರು. ಹೊಸ ಪ್ರಯೋಗವೊಂದೂ ಇಲ್ಲದೆ, ಉಲ್ಲೇಖದ ಬಲದಿಂದಲೇ ಊಹೆ ಸಿದ್ಧಾಂತವಾಗಿತ್ತು. ಹೊರಗಿನಿಂದ ಎಣಿಸಿದವನಿಗೆ ಇದು ಒಂದು ಭಾವನೆ ನೆಲೆಗೊಂಡುದರ ನಿರ್ದುಷ್ಟವಾದ ಚಿತ್ರ. ನಿಜವಾಗಿಯೂ ಭಾವನೆ ನೆಲೆಗೊಂಡಿತ್ತು. ಆದರೆ ಕಾರಣ ಪ್ರಕೃತಿಯಲ್ಲಿ ಇರಲಿಲ್ಲ, ಬರೆಯುವವರ ಅಭ್ಯಾಸದಲ್ಲಿತ್ತು. ರೋಗಿಗಳಿಗೆ ಯಾವ ಔಷಧವನ್ನು ಪ್ರಯೋಗಿಸಬೇಕೆಂಬುದು ಇಂಥ ನಂಬಿಕೆಗಳನ್ನು ಅವಲಂಬಿಸಿರುವುದರಿಂದ ಇದು ಕೇವಲ ಗ್ರಂಥಪಂಡಿತರ ಚರ್ಚೆಯೆಂದು ಯಾರೂ ಭಾವಿಸಬಾರದು. ಗ್ರೀನ್‌ಬರ್ಗ್ ಅವರ ಕೃತಿಯು ಉಲ್ಲೇಖಮಾರ್ಗದ ಖಂಡನೆಯಲ್ಲ. ಷೆಪರ್ಡನ ಸೂಚಿಯಲ್ಲಿದ್ದು ವಿಜ್ಞಾನದ ಸೂಚಿಯಲ್ಲಿ ಕಳೆದುಹೋದ ಆ ಸಂಕೇತಾಕ್ಷರಗಳನ್ನು ಒಬ್ಬ ವೈದ್ಯನು ಕೈಯಿಂದ ಮತ್ತೆ ಬರೆದುದು ಎಂದು ಹೇಳಬಹುದು.

ಉಲ್ಲೇಖಸಂಖ್ಯೆ ಚರಿತ್ರೆಯ ಸಾಧನವಾಗಿ ಉಳಿಯದೆ ವಿದ್ವಾಂಸರ ತಕ್ಕಡಿಯೂ ಆಗಿದೆಯೆಂಬುದು ಎಲ್ಲರಿಗೂ ತಿಳಿದುದೇ. ಪತ್ರಿಕೆಗಳ ಪ್ರಭಾವಾಂಕದಿಂದ ವ್ಯಕ್ತಿಗಳ ಯೋಗ್ಯತೆಯನ್ನು ಅಳೆಯಬಾರದೆಂದು 2012ರಲ್ಲಿ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸೇರಿದ ಸಂಪಾದಕರೂ ಪ್ರಕಾಶಕರೂ ಘೋಷಣೆಯನ್ನು ರಚಿಸಬೇಕಾಯಿತು. ಅದನ್ನು ಇಲ್ಲಿ ವಿಸ್ತರಿಸುವುದು ಅಪ್ರಕೃತ. ಆದರೆ 1866ರಿಂದ 1900ರ ವರೆಗಿನ ಮೆಂಡೆಲನನ್ನು ಆ ತಕ್ಕಡಿಯಲ್ಲಿಟ್ಟರೆ ಎಷ್ಟು ತೂಗುವನೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಈಚಿನ ಕೆಲವು ಗಣಕಸೂಚಿಗಳು ಉಲ್ಲೇಖದೊಡನೆ ಅದು ಬಂದಿರುವ ವಾಕ್ಯವನ್ನೂ ತೋರಿಸತೊಡಗಿವೆ. ಇದು ಸರಿಯಾದ ದಿಕ್ಕಿನಲ್ಲಿ ಇಟ್ಟ ಹೆಜ್ಜೆ. ವಾಕ್ಯಗಳನ್ನೆಲ್ಲ ಓದಿದಮೇಲೆಯೂ ಉಳಿದುಕೊಳ್ಳುವ ಸಾಮಗ್ರಿ ಯಾವುದೆಂಬುದಕ್ಕೆ ಮತ್ತೆ ಮೆಂಡೆಲನ ಚರಿತ್ರೆಯೇ ನಿದರ್ಶನ. ಅವನ ಕಾಲದಲ್ಲಿ ಅವನ ಕೆಲಸವನ್ನು ಎಲ್ಲರಿಗಿಂತ ಹತ್ತಿರದಿಂದ ಬಲ್ಲವನು ಮ್ಯೂನಿಕ್ಕಿನ ಪ್ರಸಿದ್ಧ ಸಸ್ಯಶಾಸ್ತ್ರಜ್ಞ ನೇಗೆಲಿ. 1866ರಿಂದ 1873ರ ವರೆಗೆ ಇಬ್ಬರಿಗೂ ಪತ್ರವ್ಯವಹಾರವಿದ್ದಿತು. ಮೆಂಡೆಲನು ಬಟಾಣಿಯನ್ನು ಬಿಟ್ಟು ಹೀರಾಸಿಯಮ್ ಎಂಬ ಕಾಡುಗಿಡದ ಸಂಕರಗಳಲ್ಲಿ ವರ್ಷಗಳನ್ನು ಕಳೆದದ್ದು ನೇಗೆಲಿಯ ಆಸಕ್ತಿಯ ಸೆಳೆತದಲ್ಲಿ. ಆ ಗಿಡ ಗರ್ಭಾಧಾನವಿಲ್ಲದೆಯೂ ಬೀಜಕಟ್ಟುವುದರಿಂದ ಅದರಲ್ಲಿ ಬಟಾಣಿಯ ನಿಯಮ ಕಾಣಲೇ ಇಲ್ಲ. ಹೀಗಿದ್ದೂ ನೇಗೆಲಿಯು ಆನುವಂಶಿಕತೆಯ ಸಿದ್ಧಾಂತವನ್ನು ವಿಸ್ತರಿಸಿ 1884ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಮೆಂಡೆಲನ ಹೆಸರನ್ನೇ ಎತ್ತಲಿಲ್ಲ. ಯಾವ ಸೂಚಿಯೂ ಇವರಿಬ್ಬರ ನಡುವೆ ಗೆರೆಯನ್ನು ಎಳೆಯಲಾರದು. ಆ ಸಂಬಂಧ ನಮಗೆ ತಿಳಿದುದು ಮೆಂಡೆಲನು ಬರೆದ ಕಾಗದಗಳು ನೇಗೆಲಿಯ ಕಡತಗಳಲ್ಲಿ ಉಳಿದಿದ್ದುದರಿಂದ. ಅವನ್ನು 1905ರಲ್ಲಿ ಅಚ್ಚುಮಾಡಿಸಿದವನು ನೇಗೆಲಿಯ ಶಿಷ್ಯನೂ ಅವನ ಸೋದರ ಸಂಬಂಧದ ಹೆಣ್ಣನ್ನು ಮದುವೆಯಾದವನೂ ಆದ ಕಾರೆನ್ಸನೇ.